ಹನ್ನೊಂದನೆಯ ಕೋಣೆಯ ಪುಸ್ತಕಗಳು

ಮಂಗಳವಾರ ಬೆಳಿಗ್ಗೆ ಪಿಲ್ಸುನ್ ಅಡುಗೆಮನೆಗೆ ಬಂದಾಗ, ಹನ್ನೊಂದನೆಯ ಕೋಣೆಯ ಬೋರಮ್‌ಳ ಪುಸ್ತಕಗಳೆಲ್ಲ ಊಟದ ಮೇಜಿನ ಮೇಲೆ ಬಂದು ಕೂತಿದ್ದವು. ತೆರಿಗೆ ಕಾನೂನು, ಲೆಕ್ಕಶಾಸ್ತ್ರ, ಇಂಗ್ಲಿಷ್, ಚರಿತ್ರೆ, ಒಂದೂ ಬಿಡದೆ. ಮೇಲೊಂದು ಚೀಟಿ: 'ಬೇಕಾದವರು ತೆಗೆದುಕೊಳ್ಳಿ.'

ನೊರ್ಯಾಂಗ್‌ಜಿನ್‌ನ ಪರೀಕ್ಷೆಗೆ ಓದುವವರೇ ತುಂಬಿದ ಈ ಗಲ್ಲಿಯಲ್ಲಿ ಅಂಥ ಚೀಟಿಗೆ ಒಂದೇ ಅರ್ಥ. ಸರ್ಕಾರಿ ನೌಕರಿಯ ಪರೀಕ್ಷೆ ಪಾಸಾದವರು ಪುಸ್ತಕ ಹಂಚಿ ಹೊರಡುತ್ತಾರೆ. ಅವರ ಅದೃಷ್ಟ ಹಾಳೆಗಳಲ್ಲಿ ಅಂಟಿಕೊಂಡಿರುತ್ತದೆಂದು ಉಳಿದವರು ಕಿತ್ತಾಡಿ ಒಯ್ಯುತ್ತಾರೆ. ಫೇಲಾದವರು ಪುಸ್ತಕ ಬಿಡುವುದುಂಟೇ? ಅದನ್ನೇ ಅವುಚಿಕೊಂಡು ಇನ್ನೊಂದು ವರ್ಷ ಕೂರುತ್ತಾರೆ. ಓದುವ ಮಕ್ಕಳಿಗೆಂದು ಇಪ್ಪತ್ತಮೂರು ಪುಟ್ಟ ಕೋಣೆಗಳ ಈ ಕಟ್ಟಡವನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿರುವ ಪಿಲ್ಸುನ್‌ಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಚಿಕ್ಕಮ್ಮ, ನಮ್ಮ ಬೋರಮಕ್ಕ ಗೆದ್ದುಬಿಟ್ಲು!" ಆರನೆಯ ಕೋಣೆಯ ಮಿರೇ ಕೂಗುತ್ತಲೇ ಬಂದಳು. ನಾಲ್ಕನೆಯ ಸಲ ಪರೀಕ್ಷೆ ಕಟ್ಟಿದ ಹುಡುಗಿ, ಇಡೀ ಕಟ್ಟಡಕ್ಕೆ ಆಗುವಷ್ಟು ಬಾಯಿ. "ಈ ಇಂಗ್ಲಿಷ್ ಪುಸ್ತಕ ನಂದು. ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ, ಹೇಳಿದೀನಿ!"

"ಬಾಯಿಗೊಂದು ಪರೀಕ್ಷೆ ಇಟ್ಟಿದ್ರೆ ನೀನು ಮೊದಲನೇ ವರ್ಷವೇ ಪಾಸಾಗ್ತಿದ್ದೆ ಕಣೇ," ಎಂದಳು ಪಿಲ್ಸುನ್.

ಅಷ್ಟರಲ್ಲಿ ಬೋರಮ್ ಬಂದಳು. ಇಪ್ಪತ್ತೇಳರ ಹುಡುಗಿ. ಎರಡು ತಿಂಗಳಿಂದ ಎಣ್ಣೆಗಟ್ಟಿದ್ದ ತಲೆಯನ್ನು ತೊಳೆದು ಬಾಚಿದ್ದಳು, ಮುಖ ಶಾಂತವಾಗಿತ್ತು. ಪಿಲ್ಸುನ್ ಎಂದೋ ಕೊಟ್ಟ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಯನ್ನು ಫಳಫಳ ತಿಕ್ಕಿ ತಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಸೊಂಟ ಬಾಗಿಸಿದಳು.

"ಇಷ್ಟು ದಿನ ನಿಮ್ಮಿಂದ ತುಂಬಾ ಉಪಕಾರ ಆಯ್ತು, ಚಿಕ್ಕಮ್ಮ."

ಅಡುಗೆಮನೆಯಲ್ಲಿದ್ದ ಐದಾರು ಜನ ಚಪ್ಪಾಳೆ ತಟ್ಟಿದರು. ಬೋರಮ್ ನಕ್ಕು ತನ್ನ ಕೋಣೆಗೆ ಹೋದಳು.

ಪಿಲ್ಸುನ್‌ಗೆ ಹಿಡಿಸಲಾರದಷ್ಟು ಸಂತೋಷ. ಈ ಹುಡುಗಿ ಎರಡು ತಿಂಗಳಿಂದ ಹಗಲೆಲ್ಲ ಮಲಗುತ್ತಿದ್ದಳು, ಅನ್ನ ಮುಟ್ಟುತ್ತಿರಲಿಲ್ಲ. ಸೋಮಾರಿ ಎಂದುಕೊಂಡು ಪಿಲ್ಸುನ್ ಬಾಗಿಲಾಚೆ ನಿಂತು, "ಇಷ್ಟು ನಿದ್ದೆ ಮಾಡಿದ್ರೆ ನೌಕರಿ ಕನಸಲ್ಲೇ ಸಿಗೋದು," ಎಂದು ಚುಚ್ಚಿದ್ದೂ ಉಂಟು. ಇರಲಿ, ಈಗ ಎಲ್ಲ ಸರಿಹೋಯಿತಲ್ಲ! ಅಕ್ಕಿ ಕಡುಬು ಮಾಡಿ ಎಲ್ಲರಿಗೂ ಹಂಚೋಣವೆಂದು ಕೆಂಪು ಅವರೆಕಾಳನ್ನು ಒಲೆಯ ಮೇಲಿಟ್ಟಳು.

"ಶುಕ್ರವಾರ ನನಗೂ ಹೀಗೇ ಕಡುಬು ಮಾಡೋ ಹಾಗಾಗ್ಲಿ ಅಂತ ಹರಸಿ," ಎಂದಳು ಮೇಜಿಗೆ ಒರಗಿದ್ದ ಮಿರೇ.

"ಶುಕ್ರವಾರ ಏನಿದೆ?"

"ತೆರಿಗೆ ಇಲಾಖೆ ರಿಸಲ್ಟು."

"ಬೋರಮ್ ಕಟ್ಟಿದ್ದೂ ಅದೇ ಅಲ್ವೇನೆ?"

"ಹೌದು... ಬೇರೆ ಯಾವುದನ್ನೋ ಕೂಡ ಬರೆದಿರ್ಬೇಕು ಬಿಡಿ."

ಪಿಲ್ಸುನ್‌ಳ ಕೈಯ ಸೌಟು ನಿಂತಿತು. ಬೇರೆ ಪರೀಕ್ಷೆ ಬರೆದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲವೇ? ಪರೀಕ್ಷೆಯ ದಿನ ಎಲ್ಲರಿಗೂ ಬುತ್ತಿ ಕಟ್ಟುವವಳು ಅವಳೇ. ಹೋದ ವರ್ಷ ಬಾಡಿಗೆ ಕೋಣೆಗಳ ಮಾಲೀಕರನ್ನು ಕರೆದು ಯಾವುದೋ ತರಬೇತಿ ಕೊಟ್ಟಿದ್ದರು. ಅವಳು ಹೋದದ್ದು ಊಟದ ಆಸೆಗೆ. ಬಹಳ ದಿನ ಮಂಕಾಗಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ ತಮ್ಮ ವಸ್ತುಗಳನ್ನು ಕೊಡತೊಡಗಿದರೆ ಹುಷಾರಾಗಿರಿ ಎಂದಿದ್ದಳು ಪಾಠ ಹೇಳಿದ ಹುಡುಗಿ. ಅನುಮಾನ ಬಂದರೆ ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಯಾರ ತಲೆಗೂ ಹೊಸದಾಗಿ ಹೊಗುವುದಿಲ್ಲ ಎಂದೂ ಹೇಳಿದ್ದಳು. ಅಂಥ ಅಪಶಕುನವನ್ನು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೇ ಎಂದು ಪಿಲ್ಸುನ್ ಆಗ ಮೂತಿ ತಿರುವಿದ್ದಳು.

ಈಗ ಹೋಗಿ ಹನ್ನೊಂದನೆಯ ಕೋಣೆಯ ಬಾಗಿಲು ತಟ್ಟಿದಳು.

ಬೋರಮ್ ಬಾಗಿಲು ತೆರೆದಳು. ಗೋಡೆಗೆ ಅಂಟಿಸಿದ್ದ ಚೀಟಿಗಳನ್ನೆಲ್ಲ ಕಿತ್ತಾಗಿತ್ತು. ಹಾಸಿಗೆ ಮಡಿಸಿಟ್ಟಿತ್ತು. ಪಿಲ್ಸುನ್ ಮಂಚದ ಅಂಚಿನಲ್ಲಿ ಕೂತಳು. ಕೋಣೆ ಎಷ್ಟು ಇಕ್ಕಟ್ಟೆಂದರೆ ಇಬ್ಬರ ಮೊಣಕಾಲೂ ತಾಗುತ್ತಿದ್ದವು.

"ಬೋರಮ್, ಸಾಯಬೇಕು ಅಂತ ಯೋಚನೆ ಮಾಡ್ತಿದೀಯಾ?"

"ಏನು ಚಿಕ್ಕಮ್ಮ, ಇದೆಂಥ ಮಾತು..." ಹುಡುಗಿ ನಗಲು ನೋಡಿದಳು.

"ಬಾಯಿಬಿಟ್ಟು ಕೇಳ್ತಿದೀನಿ, ಬಾಯಿಬಿಟ್ಟು ಹೇಳು. ಬೈಯಲ್ಲ."

ಬೋರಮ್, "ಹೂಂ," ಎಂದಳು.

ಹೆತ್ತವಳ ಗತಿ ಏನಾಗಬೇಕು, ಕೈಕಾಲು ಗಟ್ಟಿ ಇರೋಳಿಗೆ ಏನು ಕಡಿಮೆಯಾಗಿದೆ ಎಂಬ ಮಾತುಗಳೆಲ್ಲ ಪಿಲ್ಸುನ್‌ಳ ನಾಲಿಗೆಯ ತುದಿಗೆ ಬಂದವು. ಒಂದೊಂದನ್ನೇ ನುಂಗಿಕೊಂಡಳು.

"ಯಾವತ್ತಿಂದ ಮಗಳೇ?"

"ಚಳಿಗಾಲದಿಂದ. ಪರೀಕ್ಷೆಗೂ ಹೋಗ್ಲಿಲ್ಲ. ಗೇಟಿನ ತನಕ ಹೋಗಿ ವಾಪಸ್ ಬಂದೆ. ನೀವು ಕಟ್ಟಿಕೊಟ್ಟ ಬುತ್ತಿನ ಪಾರ್ಕಲ್ಲಿ ಕೂತು ತಿಂದೆ." ಬೋರಮ್ ಅಳುತ್ತಿರಲಿಲ್ಲ. "ಪುಸ್ತಕ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಇಟ್ಟೆ. ನೀವೆಲ್ಲ ಚಪ್ಪಾಳೆ ಹೊಡೆದ್ರಿ. ಪಾಸಾಗಿಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ."

ಅತ್ತದ್ದು ಪಿಲ್ಸುನ್. "ಕಣ್ಣಿದ್ದೂ ಕುರುಡಿ ನಾನು. ಬಾಗಿಲಾಚೆ ನಿಂತು ಚುಚ್ಚಿದೆನಲ್ಲ, ತಪ್ಪಾಯ್ತು." ಬಟ್ಟೆಯ ತೋಳಿನಲ್ಲೇ ಮೂಗು ಒರೆಸಿಕೊಂಡಳು. "ಇವತ್ತು ನಿನ್ನ ಒಬ್ಬಳನ್ನೇ ಬಿಡಲ್ಲ. ನಡಿ, ಇದಕ್ಕೂ ಡಾಕ್ಟರಿದ್ದಾರೆ. ಮೆಟ್ಟಿಲಿಳಿದ್ರೆ ಹತ್ತು ನಿಮಿಷ."

"ಅಮ್ಮನಿಗೆ ಏನು ಹೇಳ್ಲಿ?"

"ಇಬ್ಬರೂ ಸೇರಿ ಫೋನ್ ಮಾಡೋಣ. ಮೊದಲು ನಾನು ಮಾತಾಡ್ತೀನಿ."

ಹೊರಬಾಗಿಲಿಗೆ ಹೋಗಲು ಅಡುಗೆಮನೆಯನ್ನು ದಾಟಲೇಬೇಕು. ಉಳಿದವರೆಲ್ಲ ತರಗತಿಗೆ ಹೋಗಿದ್ದರು. ಮಿರೇ ಒಬ್ಬಳೇ ಕಾಳು ತಳ ಹಿಡಿಯದಂತೆ ಕೈಯಾಡಿಸುತ್ತಿದ್ದಳು.

"ಸಾಹೇಬ್ರು ಬಂದ್ರು, ದಾರಿ ಬಿಡಿ!" ಎಂದು ಸೌಟು ಎತ್ತಿ ಸಲಾಮು ಹೊಡೆದಳು.

ಏನೋ ಒಂದು ಸುಳ್ಳು ಹೇಳಿ ದಾಟಿಸೋಣವೆಂದು ಪಿಲ್ಸುನ್ ಬಾಯಿ ತೆರೆದಳು. ಬೋರಮ್ ಅವಳ ಕೈ ಹಿಡಿದು ತಡೆದಳು.

"ನಾನು ಪಾಸಾಗಿಲ್ಲ ಮಿರೇ. ಪರೀಕ್ಷೆಗೇ ಹೋಗಿರ್ಲಿಲ್ಲ. ಬದುಕೋದೇ ಬೇಡ ಅನ್ನಿಸಿತ್ತು. ಈಗ ಡಾಕ್ಟರ ಹತ್ರ ಹೊರಟಿದೀನಿ."

ಮಿರೇ ಏನಾದರೂ ತಮಾಷೆ ಮಾಡುತ್ತಾಳೆಂದು ಪಿಲ್ಸುನ್ ಹೆದರಿದಳು. ಮಿರೇ ನಕ್ಕಳು ಕೂಡ. ಆದರೆ ನಗು ಅರ್ಧಕ್ಕೇ ನಿಂತಿತು. ಸೌಟನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದಳು.

"ನಾನೂ ಹೋಗಿರ್ಲಿಲ್ಲ, ಅಕ್ಕ," ಎಂದಳು. "ಹೋದ ವರ್ಷಾನೂ ಇಲ್ಲ."

ದಿನಾ ಈ ಅಡುಗೆಮನೆಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಹುಡುಗಿ! ಇವಳ ಬಗ್ಗೆ ಪಿಲ್ಸುನ್ ಒಂದು ದಿನವೂ ಚಿಂತೆ ಮಾಡಿರಲಿಲ್ಲ. ಅವಳು ಒಲೆ ಆರಿಸಿ, ಮಿರೇಯ ಪಕ್ಕಕ್ಕೆ ಕುರ್ಚಿ ಎಳೆದು ಕೂತಳು. ಅದೇ ಪ್ರಶ್ನೆಯನ್ನು ಈ ಸಲ ತಡಮಾಡದೆ ಕೇಳಿದಳು. ಬೋರಮ್ ಹೋಗಿ ಮಿರೇಯ ಇನ್ನೊಂದು ಪಕ್ಕದಲ್ಲಿ ಕೂತಳು.