ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟ್ ಮಾಡುತ್ತಿದ್ದ ಲಾರಿ

ನಮ್ಮ ಅಪ್ಪನ ಲಾರಿ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹಳೇ ಲಾರಿ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಪಾಡು. ಒಂದು ದಿನ ಆಗುತ್ತದೆ, ಇನ್ನೊಂದು ದಿನ ಆಗುವುದಿಲ್ಲ. ಹೇಗೋ ನಡೆಯುತ್ತದಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲೂ ಹಾಗೇ ಆಯಿತು.

ನಾನು ತನುಜಾ. ಆನಂದಪುರದಿಂದ ರಿಪ್ಪನ್‌ಪೇಟೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಪ್ಪ ಶೇಷಪ್ಪ ಸ್ವಂತ ಲಾರಿಯಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಮನೆ ಕಟ್ಟುವವರಿಗೆ ಜಂಬಿಟ್ಟಿಗೆ ಕಲ್ಲು ಸಾಗಿಸುತ್ತಾರೆ. ಅಮ್ಮ ಕನ್ನಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮಾಡುತ್ತಿದ್ದಳು ಎಂದೇ ಹೇಳಬೇಕು.

ಲಾರಿ ಕೈಕೊಡಲು ಶುರುವಾದಾಗ ಯಾರೋ ಬ್ಯಾಟರಿ ಹೋಗಿದೆ ಎಂದರು. ಅಪ್ಪ ಎರಡೂ ಬ್ಯಾಟರಿ ಹೊಸದು ಹಾಕಿಸಿದರು. ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಆಗ ಕಲ್ಲಿನ ಕ್ವಾರಿಯಲ್ಲಿ ಒಬ್ಬ ಡ್ರೈವರ್ ಒಂದು ಉಪಾಯ ತೋರಿಸಿದ. ಎಂಜಿನ್ ತಿರುಗಿಸುವ ಸೆಲ್ಫ್ ಮೋಟರ್ ಲಾರಿಯ ಕೆಳಗಿರುತ್ತದೆ. ಅಲ್ಲಿಗೆ ಕೈಹಾಕಿ, ಅದರ ಎರಡು ಬೋಲ್ಟಿಗೆ ಉದ್ದನೆಯ ಸ್ಕ್ರೂಡ್ರೈವರ್ ಮುಟ್ಟಿಸಿದರೆ ಕಿಡಿ ಹಾರಿ ಎಂಜಿನ್ ಸ್ಟಾರ್ಟ್ ಆಗುತ್ತದೆ. ಅಪ್ಪನಿಗೆ ಅದೇ ಅಭ್ಯಾಸವಾಯಿತು.

ಕಳೆದ ಜೂನ್‌ನಲ್ಲಿ ಲಾರಿಯ ಹಿಂದಿನ ಲೈಟ್ ಹಾಕಿಸಲು ಅಪ್ಪ ಆನಂದಪುರದ ನಿರಂಜನನ ಅಂಗಡಿಗೆ ಹೋದರು. ನಿರಂಜನ ವಾಹನಗಳ ಎಲೆಕ್ಟ್ರಿಕ್ ಕೆಲಸ ಮಾಡುವವನು. ನಾನೂ ಜೊತೆಗಿದ್ದೆ. ಹೊರಡುವಾಗ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಬಗ್ಗಿದ್ದನ್ನು ಅವನು ನೋಡಿದ.

"ಎಂತ ಮಾಡ್ತಿದೀರಿ ಶೇಷಪ್ಪಣ್ಣ? ಕೀ ತಿರುಗ್ಸಿದ್ರೆ ಆಗಲ್ವಾ?"

"ಕೀ ತಿರುಗ್ಸಿದ್ರೆ ಸತ್ತಂಗೆ ಇರ್ತದೆ ಮಾರಾಯ."

"ಹೆಡ್‌ಲೈಟ್ ಹಾಕ್ಕಂಡು ತಿರುಗ್ಸಿ ನೋಡಿದ್ರಾ? ಲೈಟ್ ಮಂಕಾಗ್ತದಾ?"

"ಇಲ್ಲ. ಚೆನ್ನಾಗೇ ಉರೀತದೆ."

"ಹಂಗಾದ್ರೆ ಬ್ಯಾಟರಿ ಸರಿ ಇದೆ. ಅದು ಇಳ್ದಿದ್ರೆ, ಇಲ್ಲಾ ದಪ್ಪ ಕೇಬಲ್ಲು ಸಡ್ಲ ಆಗಿದ್ರೆ, ಲೈಟ್ ಕುಗ್ಬೇಕಿತ್ತು. ಸ್ಕ್ರೂಡ್ರೈವರ್ ಇಟ್ರೆ ತಿರುಗ್ತದೆ ಅಂದ್ರೆ ಸೆಲ್ಫ್ ಮೋಟರೂ ಸರಿ ಇದೆ. ಕೀಯಿಂದ ಸೆಲ್ಫಿಗೆ ಒಂದು ಸಣ್ಣ ವೈರ್ ಬರ್ತದೆ ನೋಡಿ, ಅದ್ರಲ್ಲೋ ಕೀ ಸ್ವಿಚ್ಚಲ್ಲೋ ಕರೆಂಟು ನಿಲ್ತಾ ಇದೆ. ಗಾಡಿ ಬಿಟ್ಟು ಹೋಗಿ, ಮಧ್ಯಾಹ್ನದೊಳಗೆ ಹುಡುಕಿ ಕೊಡ್ತೀನಿ."

"ಮಧ್ಯಾಹ್ನ ಅಂದ್ರೆ ಹೆಂಗಾಗ್ತದೆ? ತೀರ್ಥಹಳ್ಳೀಲಿ ಮೇಸ್ತ್ರಿ ಕಲ್ಲಿಗೆ ಕಾಯ್ತಿದಾನೆ. ಇವತ್ತು ಬ್ಯಾಡ."

ನಿರಂಜನ ಬಿಡಲಿಲ್ಲ. "ಅಣ್ಣ, ಗೇರಲ್ಲಿದ್ದಾಗ ಕೆಳಗಿಂದ ಸ್ಟಾರ್ಟ್ ಮಾಡಿದ್ರೆ ಗಾಡಿ ಹೊರಟೇ ಬಿಡ್ತದೆ. ಇದು ಹಳೇ ಡೀಸೆಲ್ ಗಾಡಿ. ಒಂದ್ಸಲ ಎಂಜಿನ್ ಹಿಡ್ಕಂಡ್ರೆ ಕೀ ತೆಗೆದ್ರೂ ನಿಲ್ಲಲ್ಲ. ಒಳಗೆ ಕೂತವ್ರು ಸ್ಟಾಪ್ ಕೇಬಲ್ ಎಳೀಬೇಕು. ನೀವು ಕೆಳಗಿದ್ರೆ ಒಳಗೆ ಯಾರಿರ್ತಾರೆ?"

ಅಪ್ಪ ನಕ್ಕರು. "ಇಪ್ಪತ್ತೆರಡು ವರ್ಷ ಆಯ್ತು ಸ್ಟೇರಿಂಗ್ ಹಿಡ್ದು. ನ್ಯೂಟ್ರಲ್ ಮಾಡೋದು ನೀ ಹೇಳ್ಕೊಡ್ತೀಯಾ?"

"ಅಪ್ಪ, ಬಿಟ್ಟು ಹೋಗಾಣ. ಬಸ್ಸಿದೆ," ಎಂದೆ.

"ನೀ ಸುಮ್ನೆ ಕೂತ್ಕ."

ನಾನು ಸುಮ್ಮನೆ ಕೂತೆ.

ನಮ್ಮ ಮನೆಯ ಮುಂದಿನ ಜಾಗ ರಸ್ತೆಯ ಕಡೆಗೆ ಇಳಿಜಾರು. ಲಾರಿಯ ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಅದಕ್ಕೆ ಅಪ್ಪ ರಾತ್ರಿ ಲಾರಿಯನ್ನು ಮೊದಲನೇ ಗೇರಿನಲ್ಲಿ ಬಿಟ್ಟು, ಮುಂದಿನ ಚಕ್ರಕ್ಕೆ ಅಡ್ಡವಾಗಿ ಒಂದು ಕಲ್ಲು ಇಡುತ್ತಿದ್ದರು. ಬೆಳಿಗ್ಗೆ ಗೇರ್ ತೆಗೆದು, ಕೆಳಗಿಳಿದು ಸ್ಟಾರ್ಟ್ ಮಾಡಿ, ಮತ್ತೆ ಹತ್ತಿ ಕೂರುತ್ತಿದ್ದರು. ಆಮೇಲೆ ಅಮ್ಮ ಕಲ್ಲು ತೆಗೆಯಬೇಕು. ಅದು ಅವಳ ದಿನದ ಕೆಲಸವೇ ಆಗಿಬಿಟ್ಟಿತ್ತು.

ಅದರ ಮುಂದಿನ ಸೋಮವಾರ ಬೆಳಿಗ್ಗೆ ಅಮ್ಮನಿಗೆ ಶಾಲೆಗೆ ಹೊತ್ತಾಗಿತ್ತು. ಅಪ್ಪನ ಫೋನು ಬಿಡದೆ ಬಡಿದುಕೊಳ್ಳುತ್ತಿತ್ತು. ಮೇಸ್ತ್ರಿಯೇ ಮಾಡಿದ್ದ. ಅಪ್ಪ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, "ಹೊರಟೆ, ಹೊರಟೆ" ಎನ್ನುತ್ತಾ ನೇರ ಲಾರಿಯ ಕೆಳಗೆ ಕೈಹಾಕಿದರು. ಗೇರ್ ತೆಗೆಯಲು ಒಳಗೆ ಹತ್ತಲೇ ಇಲ್ಲ. ಅಮ್ಮ ಬೇಗ ಮುಗಿಯಲಿ ಎಂದು ಆಗಲೇ ಚಕ್ರದ ಮುಂದೆ ಬಗ್ಗಿದ್ದಳು.

ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಲಾರಿ ಕಲ್ಲು ಹತ್ತಿ ಇಳಿದು ಮುಂದೆ ಹೋಯಿತು. ಅಮ್ಮ ಕೂಗಿದ್ದು ನನಗೆ ಒಳಗೆ ಕೇಳಿಸಿತು. ನಾನು ಓಡಿ ಬರುವಾಗ ಲಾರಿ ರಸ್ತೆ ದಾಟಿ ಮೋರಿಯ ಕಟ್ಟೆಗೆ ಗುದ್ದಿಕೊಂಡು, ಯಾರೂ ಇಲ್ಲದೆ ಗುರುಗುಡುತ್ತಿತ್ತು. ಅಮ್ಮ ಅಂಗಳದಲ್ಲಿ ಬಿದ್ದಿದ್ದಳು. ಅವಳ ಬಲಗಾಲು ಮಂಡಿಯಿಂದ ಕೆಳಗೆ ಕಾಲಿನಂತೆ ಇರಲಿಲ್ಲ. ಅಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಿಂತಿದ್ದರು.

ಪಕ್ಕದ ಮನೆಯ ಹುಲಿಯಮ್ಮ ತನ್ನ ಸೀರೆಯನ್ನೇ ಹರಿದು ಕಾಲಿಗೆ ಕಟ್ಟಿದಳು. ಅವಳ ಮಗನ ಪಿಕಪ್‌ನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಹೋದೆವು. ಡಾಕ್ಟರರು ಮಂಡಿಯ ಮೇಲಿನಿಂದಲೇ ಕಾಲು ಕತ್ತರಿಸಿ ತೆಗೆದರು. ಜೀವ ಉಳಿಯಿತು.

ನಾಲ್ಕು ದಿನದ ಮೇಲೆ ನಾನು ಬಟ್ಟೆ ತರಲು ಅಪ್ಪನ ಜೊತೆ ಊರಿಗೆ ಬಂದಾಗ ನಿರಂಜನ ನಮ್ಮ ಲಾರಿಯ ಕೆಳಗೆ ಮಲಗಿದ್ದ. ರಸ್ತೆ ಬದಿಯಿಂದ ಲಾರಿ ತೆಗೆಸಲು ಹುಲಿಯಮ್ಮನ ಮಗ ಕರೆಸಿದ್ದನಂತೆ. ನಿರಂಜನ ಆ ಸಣ್ಣ ವೈರನ್ನು ಹೊರಗೆ ಎಳೆದು ತೋರಿಸಿದ. ತುದಿಯಲ್ಲಿ ತಾಮ್ರ ಹಸಿರು ಬಂದು ಪುಡಿಯಾಗಿತ್ತು. ಕೂದಲಿನಂಥ ಎರಡು ಎಳೆ ಮಾತ್ರ ಹಿಡಿದುಕೊಂಡಿದ್ದವು. ತುದಿ ಕತ್ತರಿಸಿ, ಹೊಸ ಕ್ಲಿಪ್ಪು ಒತ್ತಿ, ಬೋಲ್ಟ್ ಬಿಗಿದ. ಒಳಗೆ ಹತ್ತಿ ಕೀ ತಿರುಗಿಸಿದ. ಲಾರಿ ಸ್ಟಾರ್ಟ್ ಆಯಿತು. ಎಲ್ಲ ಸೇರಿ ಅರ್ಧ ಗಂಟೆ ಆಗಿರಲಿಲ್ಲ.

"ಇಷ್ಟೇನಾ?" ಎಂದರು ಅಪ್ಪ.

"ಇಷ್ಟೇ ಅಣ್ಣ," ಎಂದ ನಿರಂಜನ. ಸಾಮಾನು ಎತ್ತಿಕೊಂಡು ಹೊರಟ. ಬೈದಿದ್ದರೆ ಅಪ್ಪನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆಸ್ಪತ್ರೆಯಲ್ಲಿ ಅಮ್ಮ ಕೇಳಿದಳು. "ಲಾರಿಗೆ ಎಂತ ಆಗಿತ್ತಂತೆ?"

ಅಪ್ಪ ಗೋಡೆ ನೋಡಿದರು. ನಾನು ಹೇಳಿದೆ.

"ಒಂದು ವೈರಾ?" ಎಂದಳು ಅಮ್ಮ. "ನಾನಾದ್ರೂ ಒಂದಿನ ಆಗಲ್ಲ ಅನ್ಬೇಕಿತ್ತು. ರಿಪೇರಿ ಮಾಡ್ಸೋವರೆಗೂ ಕಲ್ಲು ಮುಟ್ಟಲ್ಲ ಅನ್ಬೇಕಿತ್ತು. ಬೈತಾರೆ ಅಂತ ಸುಮ್ನಿದ್ದೆ."

ಶಾಲೆಯಲ್ಲಿ ಈಗ ಅಡುಗೆಗೆ ಬೇರೆಯವರು ಬಂದಿದ್ದಾರೆ. ಅಮ್ಮ ಕೃತಕ ಕಾಲು ಹಾಕಿಕೊಂಡು ಬಚ್ಚಲಿನವರೆಗೆ ನಡೆಯುತ್ತಾಳೆ, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾರಳು. ಅಪ್ಪ ಅವಳಿಗೆ ಕಾಫಿ ಮಾಡಿ ಕೊಡುತ್ತಾರೆ. ಅವಳು ಕುಡಿಯುತ್ತಾಳೆ, ಮಾತಿಗೆ ಮಾತ್ರ ಉತ್ತರ ಕೊಡುವುದಿಲ್ಲ.

ಹ್ಯಾಂಡ್‌ಬ್ರೇಕ್ ರಿಪೇರಿಯಾಗಿದೆ. ಈ ವರ್ಷ ಮಳೆಗಾಲಕ್ಕೆ ಮೊದಲು ಅಪ್ಪ ಎಲ್ಲ ವೈರುಗಳ ತುದಿ ಸರಿ ಮಾಡಿಸಿ, ಬ್ಯಾಟರಿಯ ಮೇಲೆ ಕೂತ ಬಿಳಿ ಪುಡಿ ಉಜ್ಜಿಸಿದರು. ಕ್ವಾರಿಯಲ್ಲಿ ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದರೆ ಹೋಗಿ ಕೈ ಹಿಡಿಯುತ್ತಾರೆ. "ನನ್ ಹೆಂಡ್ತಿನ ಬಂದು ನೋಡು, ಆಮೇಲೆ ಬೇಕಾದ್ರೆ ಇಡು," ಎನ್ನುತ್ತಾರೆ. ಕೆಲವರು ಕೇಳುತ್ತಾರೆ. ಕೆಲವರು ಅಪ್ಪ ಅತ್ತ ಹೋಗುವುದನ್ನೇ ಕಾಯುತ್ತಾರೆ.

ಅಣ್ಣಂದಿರೇ, ನಿಮ್ಮ ಗಾಡಿ ಕೀಗೆ ಸ್ಟಾರ್ಟ್ ಆಗದಿದ್ದರೆ ಚಕ್ರಕ್ಕೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟ್ ಕುಗ್ಗಿದರೆ ಬ್ಯಾಟರಿ, ದಪ್ಪ ಕೇಬಲ್ ನೋಡಿಸಿ. ಕುಗ್ಗದಿದ್ದರೆ ಸಣ್ಣ ವೈರು, ಸ್ವಿಚ್ಚು ನೋಡಿಸಿ. ಕೆಳಗಿನಿಂದ ಸ್ಟಾರ್ಟ್ ಮಾಡಬೇಡಿ. ಲೋಡ್ ತಡವಾದರೆ ಆಗಲಿ, ಮೇಸ್ತ್ರಿ ಕಾಯಲಿ.

ಮನೆಯಲ್ಲಿರುವ ಅಕ್ಕಂದಿರೇ, ಅಮ್ಮಂದಿರೇ, ಅಂಥ ಗಾಡಿಯ ಮುಂದೆ ಬಗ್ಗಬೇಡಿ, ಹಿಂದೆ ನಿಲ್ಲಬೇಡಿ. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಬೈದರೆ ಬೈಸಿಕೊಳ್ಳಿ.