ಮಂದೆ ಹೊಲಕ್ಕೆ ಇಳಿದ ಹೆಲಿಕಾಪ್ಟರ್

ಹಿರಿಯೂರು ಸೀಮೆಯ ಕುರಿಗಾಹಿ ಜುಂಜಪ್ಪನ ಮಗಳು ಗಂಗಾ ಹೆಲಿಕಾಪ್ಟರ್ ಹಾರಿಸಿದರೆ ಹದ್ದುಗಳು ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದವು. ಸುಳ್ಳಲ್ಲ, ಬೇಕಾದರೆ ಹದ್ದುಗಳನ್ನೇ ಕೇಳಿ. ಗುಡ್ಡದ ಮೇಲೆ ಗಾಳಿ ಫ್ಯಾನ್ ನೆಡುವ ಕಂಪನಿಯ ಮೋಹನ್‌ಕುಮಾರ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಕೆ ಅಂದು ಬೆಳಿಗ್ಗೆ ಹತ್ತಕ್ಕೆ ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಮರಳುತ್ತಿದ್ದಳು. ಮದಕರಿಪುರ ಇನ್ನೇನು ಕಾಣಬೇಕು, ಇಂಜಿನ್ ಒಂದು ಸಲ ಕೆಮ್ಮಿ ಸತ್ತೇ ಹೋಯಿತು.

ಮೂತಿ ಎಡಕ್ಕೆ ಹೊರಳಿತು. ಎಚ್ಚರಿಕೆಯ ಪೀಪಿ ಕಿರುಚಿತು: ತಲೆಯ ಮೇಲಿನ ರೆಕ್ಕೆಗಳ ಸುತ್ತು ಕಡಿಮೆಯಾಗುತ್ತಿದೆ! ಸುತ್ತು ಇನ್ನಷ್ಟು ಇಳಿದರೆ ಹೆಲಿಕಾಪ್ಟರ್ ಬರೀ ಬಂಡೆ. ಅದನ್ನು ತಡೆಯಲು ಇದ್ದದ್ದು ಒಂದೂವರೆ ಸೆಕೆಂಡು. ಗಂಗಾಳಿಗೆ ಅದರಲ್ಲೂ ಒಂದು ಸೆಕೆಂಡು ಮಿಕ್ಕಿತು. ಎಡಗೈಯ ಲಿವರನ್ನು ಪೂರ್ತಿ ಕೆಳಕ್ಕೆ ಒತ್ತಿದಳು.

“ಬೀಳ್ತಾ ಐತಲ್ಲಮ್ಮ! ಮ್ಯಾಲೆತ್ತು, ಮ್ಯಾಲೆ!” ಮೋಹನ್‌ಕುಮಾರ್ ಹಾಕಿದ ಕೂಗಿಗೆ ಹೊಳಲ್ಕೆರೆ ಆಚೆಯ ಚಿಕ್ಕಜಾಜೂರಿನಲ್ಲಿ ಹೊರಟ ರೈಲು ನಿಂತಿತಂತೆ.

“ಎತ್ತಿದ್ರೆ ರೆಕ್ಕೆ ನಿಂತೋಗ್ತವೆ ಸಾರ್. ಈಗ ಕೆಳಗಿಂದ ನುಗ್ಗೋ ಗಾಳೀನೇ ಅವನ್ನ ತಿರುಗಿಸ್ಬೇಕು. ಗಾಳಿ ಫ್ಯಾನಿನ ಕಂಪನಿಯೋರಿಗೆ ಇದನ್ನೂ ಹೇಳ್ಕೊಡ್ಬೇಕಾ? ಬೆಲ್ಟ್ ಬಿಗಿ ಮಾಡ್ಕಳ್ರಿ.”

ಸುತ್ತು ತೋರಿಸುವ ಮುಳ್ಳು ಹಸಿರು ಗೆರೆಗೆ ಮರಳಿತು. ರೆಕ್ಕೆಗಳಿಗೆ ಜೀವ ಬಂತು. ಆದರೆ ಇಳಿಯುವುದೆಲ್ಲಿ? ಕೆಳಗೆ ಬಂಡೆ, ತೆಂಗು, ಮತ್ತೆ ಬಂಡೆ. ಅಷ್ಟರಲ್ಲಿ ಕೆಂಪು ನೆಲದ ನಡುವೆ ಕಪ್ಪಗಿನ ಒಂದು ಚೌಕ ಕಂಡಿತು. ಗೊಬ್ಬರಕ್ಕಾಗಿ ರಾತ್ರಿ ಕುರಿಮಂದೆ ನಿಲ್ಲಿಸಿ, ಬೆಳಿಗ್ಗೆ ಮೇಯಲು ಹೊಡೆದುಕೊಂಡು ಹೋದ ಹೊಲ.

“ಅಷ್ಟಗಲ ರಸ್ತೆ ಐತಲ್ಲಮ್ಮ!”

“ಕರೆಂಟ್ ತಂತೀನೂ ಐತೆ, ನೋಡ್ರಿ. ನಂಗೆ ಆ ಕರೀ ಹೊಲ ಸಾಕು.”

“ಅಲ್ಲಿ ಕಲ್ಲು, ಗುಂಡಿ ಇದ್ರೆ?”

“ಕಲ್ಲು ಆರಿಸದೆ ನಮ್ಮೋರು ಕುರಿ ಮಲಗ್ಸಲ್ಲ ಸಾರ್. ಗುಂಡೀಲಂತೂ ಮಲಗ್ಸೋದೇ ಇಲ್ಲ.”

ನೆಲ ಮುಖಕ್ಕೇ ಬಂತು. ಗಂಗಾ ಮೂತಿ ಮೇಲೆತ್ತಿದಳು. ಓಟ ಕುಗ್ಗಿತು, ರೆಕ್ಕೆಗಳು ಇನ್ನೂ ಜೋರಾಗಿ ತಿರುಗಿದವು. ಆಳೆತ್ತರ ಉಳಿದಾಗ ಮೂತಿ ನೇರ ಮಾಡಿ, ಇಷ್ಟು ಹೊತ್ತು ಒತ್ತಿ ಹಿಡಿದಿದ್ದ ಲಿವರನ್ನು ಎಳೆದಳು. ಕೂಡಿಟ್ಟ ಸುತ್ತೆಲ್ಲ ಆ ಒಂದು ಎಳೆತಕ್ಕೆ ಖರ್ಚಾಯಿತು. ಮೊಟ್ಟೆಯ ಮೇಲೆ ಕೂರುವ ಕೋಳಿಯೂ ನಾಚುವಷ್ಟು ಮೆತ್ತಗೆ ಹೆಲಿಕಾಪ್ಟರ್ ಕುಳಿತಿತು.

ಹೊಲದೊಡತಿ ಕೆಂಚಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. “ಯಾರೇ ನೀನು? ಮೂರು ರಾತ್ರಿ ಮಂದೆ ನಿಲ್ಸಿದ ಗೊಬ್ಬರಾನೆಲ್ಲ ಪಕ್ಕದ ಶಿವಕುಮಾರಪ್ಪನ ಹೊಲಕ್ಕೆ ತೂರ್ಬಿಟ್ಟೆಯಲ್ಲೇ!”

“ಇಂಜಿನ್ ಸತ್ತೋಯ್ತು ಕಣಜ್ಜಿ. ನಾವಿಬ್ರೂ ಉಳಿದ್ವಿ.”

ಕೆಂಚಕ್ಕ ಹೆಲಿಕಾಪ್ಟರನ್ನು ನೋಡಿದಳು, ಆಕಾಶವನ್ನು ನೋಡಿದಳು, ಕೊನೆಗೆ ಗಂಗಾಳ ಕೆನ್ನೆ ಸವರಿ ನೆಟಿಗೆ ಮುರಿದಳು. “ಭೇಷ್ ಕಣವ್ವ! ಗೊಬ್ಬರ ಹಾಳಾಗ್ಲಿ ಬಿಡು.”

ಅಷ್ಟರಲ್ಲಿ ಮೋಹನ್‌ಕುಮಾರ್‌ಗೆ ದನಿ ಮರಳಿತ್ತು. ಫೋನಿನಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು: “ಏನೂ ಆಗಿಲ್ಲ, ನಾವು ಇಳಿಸಿದ್ವಿ!”

“ನಾನು ಇಳಿಸ್ದೆ ಸಾರ್,” ಗಂಗಾ ಹೆಲ್ಮೆಟ್ ತೆಗೆದು ನಕ್ಕಳು. “ನೀವು ಕೂಗಿದ್ರಿ.”