ಬೂದುಮಾವನ ಒಂದು ರೋಲು

ಆಸ್ಪತ್ರೆಯ ಪಡಸಾಲೆಯಲ್ಲಿ ಹೆಂಡತಿಯ ಪಕ್ಕದಲ್ಲೇ ಕೂತು, ಎದುರಿಗಿದ್ದ ಅಪರಿಚಿತ ಹೆಂಗಸಿಗೆ ಬೂದುಮಾವ ಕಣ್ಣು ಹೊಡೆದರು. "ಅಜ್ಜ ಆಗೋ ವಯಸ್ಸಲ್ಲಿ ಇದೇನ್ರೀ ಚಪಲ!" ಎಂದು ಆಕೆ ಎದ್ದು ನಿಂತಾಗ ಇಡೀ ಸಾಲು ತಿರುಗಿ ನೋಡಿತು. "ಕಣ್ಣು ಹೊಡೀತಿಲ್ಲಮ್ಮ, ನಿಮ್ಮ ಕೆನ್ನೆ ನೆರಳು ಅಳೀತಿದಾರೆ," ಎಂದು ಪಕ್ಕದಲ್ಲಿದ್ದ ಅತ್ತೆ ಸಮಾಧಾನ ಹೇಳಹೋಗಿದ್ದು ಇನ್ನಷ್ಟು ರಂಪವಾಯಿತು.

ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದಾಗಿಸಿ, ಲೋಕದ ಬಣ್ಣ ಕಳೆದು ನೋಡುವುದು ಮಾವನ ಚಾಳಿ. ಕಪ್ಪು-ಬಿಳುಪು ಚಿತ್ರಗಳ ಈ ಉಪಾಸಕರಿಗೆ ಕಪ್ಪೂ ಸಾಲದು, ಬಿಳುಪೂ ಸಾಲದು. ನಡುವಿನ ಬೂದಿನ ಮೆಟ್ಟಿಲುಗಳೆಲ್ಲ ಬೇಕು. ರಾಸಾಯನಿಕದ ಕಲೆಗಳಿಂದ ಭೂಪಟವಾಗಿದ್ದ ಕೋಟು ತೊಟ್ಟು, ತುಂಬಿದ ತಟ್ಟೆ ಹಿಡಿದವರಂತೆ ಹೆಜ್ಜೆಯಿಡುತ್ತ, ಪ್ರತಿ ಮಾತನ್ನೂ "ಹಾಗಂತ ಖಾತ್ರಿಯಿಲ್ಲ" ಎಂದು ಮುಗಿಸುತ್ತಿದ್ದರು. ನೆಗೆಟಿವ್ ಆಗಿ ಯೋಚಿಸುವುದು ಅವರ ಕಸುಬೂ ಹೌದು, ಕರ್ಮವೂ ಹೌದು.

ಅಂದು ವೈದ್ಯರು, ಅತ್ತೆಯ ಕಿವಿಯ ಕೆಳಗಿನ ಗಂಟನ್ನು ತೆಗೆಯಲೇಬೇಕು, ಮುಖದ ನರ ಅಲ್ಲೇ ಹಾದಿದೆ, ನಗು ಒಂದು ಕಡೆ ನಿಂತುಹೋದರೂ ಹೋದೀತು ಎಂದರು. ಮಾವನಿಗೆ ಹೊಳೆದದ್ದು ಒಂದೇ: ಆ ನಗುವನ್ನು ಮೊದಲೇ ಹಿಡಿದಿಡಬೇಕು. ಆದರೆ ಯಾವ ಫಿಲಂನಲ್ಲಿ? ಕಡಿಮೆ ಬೆಳಕಿಗೂ ಸಾಲುವ ವೇಗದ್ದಾದರೆ ಕೆನ್ನೆಯ ಮೇಲೆ ಮರಳು ಎರಚಿದಂತೆ ಕಾಳು ಕಾಳು. ಹೆಚ್ಚು ಹೊತ್ತು ಬೆಳಕು ಬೇಡುವ ನಿಧಾನದ್ದಾದರೆ ಉಸಿರು ಬಿಗಿಹಿಡಿದು ಕೂರಬೇಕು, ಉಸಿರು ಹಿಡಿದವರು ನಗುವುದೆಂತು? ಫಿಲಂ ತೊಳೆಯುವ ಡೆವಲಪರ್ ದ್ರಾವಣ ಖಾರವಾದರೆ ಹಣೆ ಸುಣ್ಣದ ಗೋಡೆ, ಕಣ್ಣಿನಡಿ ಮಸಿ. ತೀರ ಸಪ್ಪೆಯಾದರೆ ಮುಖವೆಲ್ಲ ಮಂಜು. ಮೇಜಿನ ಮೇಲೆ ಬಿಳಿ ಟವೆಲನ್ನೂ ಕರಿ ಕೊಡೆಯನ್ನೂ ಇಟ್ಟು ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯಿತು.

"ಆಪರೇಷನ್ ಕೊಡೆಗಾ, ನನಗಾ?" ಎಂದರು ಅತ್ತೆ.

"ಸುಮ್ನಿರೇ. ಇದು ಕೆಟ್ಟರೆ ಮತ್ತೆ ಎಲ್ಲಿಂದ ತರಲಿ?" ಮಾವ ಕೊಡೆಯನ್ನು ಇನ್ನಷ್ಟು ಓರೆ ಮಾಡಿದರು.

ಕೊನೆಗೆ ನಿಧಾನದ ಫಿಲಂ, ನೀರು ಹೆಚ್ಚಿಸಿದ ಸೌಮ್ಯ ಡೆವಲಪರ್ ಎಂದು ತೀರ್ಮಾನವಾಯಿತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅತ್ತೆಯನ್ನು ಕಿಟಕಿಗೆ ಓರೆಯಾಗಿ ಬೆನ್ನು ಮಾಡಿಸಿ ಕೂರಿಸಿ, ಫೋಕಸ್ ಕೂದಲೆಳೆ ತಪ್ಪಿದರೂ ಮಸುಕಾಗುವಷ್ಟು ಲೆನ್ಸಿನ ಬಾಯಿ ಪೂರ್ತಿ ತೆರೆದು, ಬೆಳಕನ್ನು ಅಳೆದರು, ನಂಬದೆ ಮತ್ತೆ ಅಳೆದರು. ಅವರ ಪಾಡು ನೋಡಿ ಅತ್ತೆ ನಕ್ಕರು. ಕ್ಲಿಕ್.

ಶಸ್ತ್ರಚಿಕಿತ್ಸೆಯ ಮರುದಿನ ಪ್ರಿಂಟು ಮಾಡಿದರು. ಟ್ರೇಯಲ್ಲಿ ಚಿತ್ರ ಮೂಡಿದ ಮೇಲೆ ಕೆಂಪು ದೀಪದಡಿ ಭೂತಗನ್ನಡಿ ಹಿಡಿದು ಅತ್ತೆಯ ಮುಖವನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ಅದನ್ನು ಕೋಟಿನೊಳಗೆ ಸೇರಿಸಿ ಆಸ್ಪತ್ರೆಗೆ ನಡೆದರು.

ಅಂಜುಬುರುಕರ ಜಾತಿಯೇ ಹೀಗೆ: ಅಳತೆಗೆ ಸಿಗದ ದೊಡ್ಡ ಭಯವನ್ನು ಬಿಟ್ಟು, ಅಳತೆಲೋಟಕ್ಕೆ ಹಿಡಿಸುವ ಸಣ್ಣದೊಂದನ್ನು ಆರಿಸಿಕೊಂಡು ಅದಕ್ಕೇ ಜೀವ ತೇಯುತ್ತಾರೆ, ತಪ್ಪು ಮಾತ್ರ ಅವರು ಕಾವಲಿಲ್ಲದೆ ಬಿಟ್ಟ ಬಾಗಿಲಿನಿಂದ ನುಗ್ಗುತ್ತದೆ.

ಅತ್ತೆಯ ಮುಖಕ್ಕೆ ಕಟ್ಟಿದ್ದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅರ್ಧ ಬಾಯಲ್ಲೇ ತೊದಲಿ ಕೇಳಿದರು: "ಹೇಗೆ ಬಂದಿದೀನಿ?"

ಮಾವ ಕೋಟಿನ ಗುಂಡಿ ಬಿಚ್ಚಲಿಲ್ಲ.

"ಹಿಂದಿನ ಕಿಟಕಿ ಚಿಲಕ ತುಂಬಾ ಚೆನ್ನಾಗಿ ಬಂದಿದೆ ಕಣೇ," ಎಂದರು.